ಜಿಂಕೆಗೆ ಮಗ್ಗಿ ಒಪ್ಪಿಸಿದ ದಿನ

ಜಿಂಕೆ ಬೇಟೆಗೆ ಬಂದೂಕಿಗಿಂತ ಮೊದಲು ಬೇಕಾದದ್ದು ಒಂದು ಮಗು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾನೂ ಬಹಳ ವರ್ಷ ನಗುತ್ತಲೇ ಹೇಳುತ್ತಿದ್ದೆ.

ನಮ್ಮದು ಹಿರಿಯೂರು ತಾಲ್ಲೂಕು, ಧರ್ಮಪುರ ದಾಟಿ ಆಂಧ್ರದ ಕಡೆ ಹೋಗುವ ಬಸ್ಸಿನಲ್ಲಿ ಇಳಿಯಬೇಕಾದ ಊರು. ಊರ ಹಿಂದೆ ಕಾವಲು. ಕಾವಲು ಅಂದರೆ ದನ ಮೇಯಲು ಬಿಟ್ಟ ಬಯಲು. ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲಲ್ಲಿ ಜಾಲಿ, ತಂಗಡಿ. ಆ ಬಯಲಿನಲ್ಲಿ ಜಿಂಕೆಯ ಹತ್ತಿರ ಹೋಗುವುದೇ ದೊಡ್ಡ ಸಮಸ್ಯೆ. ಬಗ್ಗಿ ಹೋಗಿ, ತೆವಳಿಕೊಂಡು ಹೋಗಿ, ಅದು ನಿಮ್ಮನ್ನು ಮೊದಲೇ ನೋಡಿರುತ್ತದೆ. ಆದರೆ ಎತ್ತಿನ ಗಾಡಿಗೆ ಅದು ಹೆದರುತ್ತಿರಲಿಲ್ಲ. ದಿನಾ ಬೆಳಗಾದರೆ ಗಾಡಿ ನೋಡುವ ಪ್ರಾಣಿ. ಗಾಡಿಯಲ್ಲಿ ಕೂತವರು ಮಾತಾಡುತ್ತಿದ್ದರಂತೂ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಮೇಯುತ್ತಿತ್ತು. ಮಾತಾಡುತ್ತಾ ಬರುವವರು ಹೊಲಕ್ಕೆ ಹೊರಟವರು, ಸದ್ದಿಲ್ಲದೆ ಬರುವವರು ಕೊಲ್ಲಲು ಬಂದವರು. ಇಷ್ಟು ಲೆಕ್ಕ ಅದಕ್ಕೆ ಗೊತ್ತಿತ್ತು.

ಆದ್ದರಿಂದ ಗಾಡಿಯ ಮೇಲೆ ಒಂದು ಮಗುವನ್ನು ಕೂರಿಸುತ್ತಿದ್ದೆವು. ಮಗುವಿನ ಕೆಲಸ ಬಾಯಿ ಮುಚ್ಚದೆ ಏನಾದರೂ ಹೇಳುತ್ತಿರುವುದು, ಅಷ್ಟೇ. ಹಾಡು ಹೇಳಲಿ, ಅಳಲಿ, ಬೈಯಲಿ, ನಿಲ್ಲಿಸಬಾರದು. ದೊಡ್ಡವನು ಬಲಗಡೆ ಎತ್ತಿನ ಮಗ್ಗುಲಲ್ಲಿ ಬಗ್ಗಿಕೊಂಡು, ಎತ್ತಿನ ಕಾಲಿಗೆ ತನ್ನ ಕಾಲು ಕೂಡಿಸಿ ನಡೆಯುತ್ತಿದ್ದ. ಬಂದೂಕು ಮೈಗೆ ಒತ್ತಿಕೊಂಡಿರುತ್ತಿತ್ತು. ನನ್ನನ್ನು ನಮ್ಮಪ್ಪ ಹಾಗೆಯೇ ಕೂರಿಸಿದ್ದ. ನಾನು ನನ್ನ ಮಗನನ್ನು ಕೂರಿಸಿದೆ. ನಮ್ಮ ಕಡೆ ಮಕ್ಕಳು ಬೇಟೆ ಕಲಿಯುತ್ತಿದ್ದದ್ದು ಹೀಗೆ, ಗಂಟಲಿನಿಂದ.

ಕಾನೂನು ಆಗಲೇ ಇತ್ತು. ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿದ್ದಕ್ಕೇ ಬಂದೂಕನ್ನು ಗಾಡಿಯಲ್ಲಿ ಹರಡಿದ ಜೋಳದ ಸೊಪ್ಪೆಯ ಕೆಳಗೆ ಮುಚ್ಚಿಡುತ್ತಿದ್ದೆವು.

ನನ್ನ ಮಗನಿಗೆ ಆಗ ಮೂರನೇ ಕ್ಲಾಸು. ಹಾಡು ಬರುತ್ತಿರಲಿಲ್ಲ, ಮಾತೂ ಕಡಿಮೆ. ಏಳರ ಮಗ್ಗಿ ಬಾರದೆ ಮೇಷ್ಟ್ರ ಹತ್ತಿರ ದಿನಾ ಏಟು ತಿನ್ನುತ್ತಿದ್ದ. ನಾನು ಹೈಸ್ಕೂಲು ಮುಗಿಸಿದವನು, ಮಗನಿಗೆ ಮಗ್ಗಿ ಬಾರದ್ದು ನನಗೆ ಅವಮಾನ. "ಮಗ್ಗಿನೇ ಹೇಳ್ಲಾ, ಜಿಂಕೆಗೆ ಒಪ್ಸು. ತಪ್ಪಿದ್ರೆ ಓಡೋಗ್ತವೆ" ಅಂದೆ. ಬೇಟೆಯೂ ಆಯಿತು, ಪಾಠವೂ ಆಯಿತು ಅಂತ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ಬೆಳಿಗ್ಗೆ ಅವನು ಗಾಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಿರುಚಿಕೊಂಡು ಮಗ್ಗಿ ಹೇಳಿದ. ಜಿಂಕೆಗಳು ಕೇಳಿಸಿಕೊಂಡು ಮೇದವು. ಏಳೆಂಟ್ಲೆ ಐವತ್ತಾರು ಅಂದಾಗ ನಾನು ಹೊಡೆದೆ. ಅವನು ನಿಲ್ಲಿಸಲಿಲ್ಲ. ಏಳೊಂಬತ್ಲೆ, ಏಳ್ಹತ್ಲೆ, ಪೂರ್ತಿ ಮುಗಿಸಿದ. ಅವತ್ತಿನಿಂದ ಏಳರ ಮಗ್ಗಿ ಅವನಿಗೆ ತಪ್ಪಿಲ್ಲ. ಮೇಷ್ಟ್ರು ಬೆನ್ನು ತಟ್ಟಿದರಂತೆ.

ಪ್ರತಿ ಯುಗಾದಿಗೆ ಹೋಳಿಗೆ ಊಟ ಮುಗಿದು ಎಲೆ ಅಡಿಕೆ ಹಾಕುವ ಹೊತ್ತಿಗೆ ನನ್ನ ಮಗ ಈ ಕಥೆ ತೆಗೆಯುತ್ತಾನೆ. ಈಗ ಅವನು ಖಾಸಗಿ ಬಸ್ಸಿನಲ್ಲಿ ಕಂಡಕ್ಟರು, ಹೊಳಲ್ಕೆರೆ–ಹಿರಿಯೂರು ರೂಟು. ಮಾತು ಕಲಿತಿದ್ದಾನೆ. "ನಮ್ಮಪ್ಪ ನನ್ನ ಹೊತ್ಕಂಡು ಗಾಡಿ ಮೇಲೆ ಕೂರ್ಸಿದ್ದು, ಬುತ್ತಿ ಬಿಚ್ಚಿ ತಾನೇ ನನ್ನ ಬಾಯಿಗೆ ಇಟ್ಟಿದ್ದು, 'ಗೆದ್ದೆ ಕಣ್ಲಾ' ಅಂದಿದ್ದು, ಅದೊಂದೇ ದಿನ. ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ" ಅನ್ನುತ್ತಾನೆ. ನಿಜ. ನಾನು ಮಕ್ಕಳನ್ನು ಮುದ್ದು ಮಾಡಿದವನಲ್ಲ. ಅವನ ಹತ್ತಿರ ನನ್ನದು ಅಂತ ಇರುವ ಒಳ್ಳೆಯ ದಿನ ಅದೊಂದೇ.

ಆ ದಿನದಲ್ಲಿ ನಾನು ಅವನಿಗೆ ಹೇಳದೆ ಬಿಟ್ಟದ್ದು ಸ್ವಲ್ಪ ಇತ್ತು. ಹೇಳದೆಯೇ ಸಾಯಬಹುದಿತ್ತು. ಈ ಯುಗಾದಿಗೆ ಆಗಲಿಲ್ಲ.

ಕಾರಣ ನನ್ನ ತಮ್ಮನ ಮಗ. ಹಿರಿಯೂರಿನಲ್ಲಿ ಟೈರು ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯ ಹುಡುಗ, ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ಹಬ್ಬದ ಮಾರನೇ ದಿನ ಬೇಟೆಗೆ ಹೋಗುವ ಪದ್ಧತಿಯನ್ನು ಊರೆಲ್ಲ ಬಿಟ್ಟರೂ ಅವನು ಬಿಟ್ಟಿಲ್ಲ. ಅವನ ಬೇಟೆಗೆ ಎತ್ತು ಬೇಡ, ಗಾಡಿ ಬೇಡ. ಒಂದು ಪಿಕಪ್ಪು, ಮುಂದೆ ಎರಡು ಬೈಕು, ಹಣೆಗೆ ಕಟ್ಟುವ ಬ್ಯಾಟರಿ. ಬೆಳಕು ಕಣ್ಣಿಗೆ ಬಿದ್ದರೆ ಜಿಂಕೆ ಕಂಬದ ಹಾಗೆ ನಿಂತುಬಿಡುತ್ತದೆ. ಇಲ್ಲವೇ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ಕರೆಂಟು ತೆಗೆಯುವ ಗಾಳಿ ಫ್ಯಾನಿನ ಕಂಪನಿಯವರು ಹಾಕಿದ ತಂತಿ ಬೇಲಿಗೆ ಒತ್ತುತ್ತಾರೆ. ನಾವು ಹೊಡೆದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆವು. ಇವರು ಹೊಡೆಯುವುದಕ್ಕೆ ಮೊದಲೇ ವಿಡಿಯೋ ಹಾಕುತ್ತಾರೆ. ಹೋದ ಸಲ ಪಕ್ಕದೂರಿನವರು ಹಾಗೆಯೇ ಸಿಕ್ಕಿಬಿದ್ದು ಕೋರ್ಟಿಗೆ ಅಲೆಯುತ್ತಿದ್ದಾರೆ. ಇವರಿಗಿಂತ ನಮ್ಮ ಕಾಲದ ಬೇಟೆ ಎಷ್ಟೋ ಮೇಲು ಅಂತ ನಾನು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆ. ಜಿಂಕೆಯನ್ನು ಕೇಳಿದ್ದರೆ ಅದಕ್ಕೆ ಅಂಥ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಅವನು ಬಂದು ನನ್ನ ಮೊಮ್ಮಗಳನ್ನು ಕರೆದ. ಅವಳಿಗೆ ಹತ್ತು ವರ್ಷ, ಮಗನಿಗೆ ಒಬ್ಬಳೇ ಮಗಳು.

"ಏನಮ್ಮಿ, ನಾಡಿದ್ದು ಬೆಳಿಗ್ಗೆ ರೆಡಿ ಇರು. ಪಿಕಪ್‌ನಾಗೆ ಮುಂದ್ಗಡೆ ಸೀಟು ನಿಂದು."

"ನಿಜವಾಗ್ಲೂ? ಹುಡುಗೀರ್ನೂ ಕರ್ಕಂಡು ಹೋಗ್ತೀಯಾ ಚಿಕ್ಕಪ್ಪ?"

"ಕಾಲ ಬದಲಾಗೈತೆ ಕಣಮ್ಮಿ. ವಿಡಿಯೋ ಮಾಡೋದು ನೀನೇ."

ನನ್ನ ಮಗ ನಗುತ್ತಾ "ಹೋಗ್ಲಿ ಬಿಡಪ್ಪ, ನಾನು ಹೋಗಿರ್ಲಿಲ್ವಾ? ನಾನೂ ಬರ್ತೀನಿ, ಒಂದು ದಿನ ರಜಾ ಹಾಕ್ತೀನಿ. ಇವ್ಳಿಗೂ ನೆನಪಿಗೆ ಒಂದು ದಿನ ಆಗ್ಲಿ" ಅಂದ.

"ಬೇಡ" ಅಂದೆ.

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಹುಡುಗಿ ಅಂತ ತಾನೇ?"

"ಅದಕ್ಕಲ್ಲಮ್ಮ."

"ಮತ್ಯಾಕೆ? ಅಪ್ಪನ್ನ ಕರ್ಕಂಡು ಹೋಗಿದ್ದೆ. ಹುಡುಗ ಅಂತ ಕರ್ಕಂಡು ಹೋದೆ. ನನಗ್ಯಾಕೆ ಬೇಡ?"

"ಕಾನೂನು ಐತೆ" ಅಂದೆ. ತಮ್ಮನ ಮಗ ಕಿಸಕ್ಕನೆ ನಕ್ಕ. "ದೊಡ್ಡಪ್ಪ, ನೀನು ಬಂದೂಕು ಹಿಡಿದಾಗ ಕಾನೂನು ಊಟಕ್ಕೆ ಹೋಗಿತ್ತೇನು?" ಅಂದ.

ಒಳಗೆ ಹೂರಣ ರುಬ್ಬುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಸೇರಿಸಿದಳು. ಅವಳ ತವರು ಹೊಸದುರ್ಗದ ಕಡೆ. ಅಲ್ಲಿ ಕೆಲವು ಊರಲ್ಲಿ ಸಂಕ್ರಾಂತಿಗೆ ಕಾಡಿಗೆ ಹೋಗಿ ಮೊಲ ಹಿಡಿದು ತಂದು, ಪೂಜೆ ಮಾಡಿ, ಕಿವಿಗೆ ಓಲೆ ಹಾಕಿ, ಮತ್ತೆ ಕಾಡಿಗೇ ಬಿಡುತ್ತಾರೆ. "ನಮ್ ಕಡೆಯೋರು ಹಿಡಿದು ಓಲೆ ಹಾಕ್ತಾರೆ, ನಿಮ್ ಕಡೆಯೋರು ಹಿಡಿದು ಒಗ್ಗರಣೆ ಹಾಕ್ತೀರ. ಇಷ್ಟು ವರ್ಷ ಮೀಸೆ ತಿರುವ್ಕಂಡು ಕಥೆ ಹೇಳಿದೋರು ಯಾರ್ರಿ? ಈಗ ಮಗೀಗೆ ಬೇಡ ಅಂದ್ರೆ ಕೇಳ್ತೈತಾ?"

ಅವಳು ಹೇಳಿದ್ದೇ ಸರಿ. ಆಸೆ ಹುಟ್ಟಿಸಿದವನು ನಾನೇ.

ಆ ದಿನ ಪೂರ್ತಿ ಒದ್ದಾಡಿದೆ. ಮೊಮ್ಮಗಳು ಹೋಗುವುದನ್ನು ತಡೆಯಬೇಕಾದರೆ ಬೇಡ ಅನ್ನುವುದಕ್ಕೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮಗನ ಆ ಒಂದು ದಿನ ಹಾಳಾಗುತ್ತದೆ. ಮೊಣಕಾಲು ನೋವು ಅಂತ ಮಲಗಿ ಇಬ್ಬರನ್ನೂ ಮನೆಯಲ್ಲೇ ಉಳಿಸಿಕೊಳ್ಳೋಣವಾ ಅಂತಲೂ ಯೋಚಿಸಿದೆ. ಆದರೆ ನನ್ನ ಮೊಣಕಾಲು ವರ್ಷವೆಲ್ಲಾ ನೋಯುತ್ತದೆ, ಅದಕ್ಕೆ ಯಾರೂ ರಜಾ ಹಾಕುವುದಿಲ್ಲ.

ಯುಗಾದಿಯ ದಿನ ಊಟವಾಯಿತು. ತಮ್ಮನ ಮಗನೂ ಇದ್ದ. ಹೋಳಿಗೆ ಹೆಚ್ಚಾಗಿ ಎಲ್ಲರೂ ಗೋಡೆಗೆ ಒರಗಿದ್ದರು. ಮಗ ಎಂದಿನಂತೆ ಶುರು ಮಾಡಿದ. ಐವತ್ತಾರಕ್ಕೆ ಬಂದ, ಬಂದೂಕು ಹಾರಿತು, ಮಗ್ಗಿ ಮುಗಿಯಿತು, ಮೊಮ್ಮಗಳು ಚಪ್ಪಾಳೆ ತಟ್ಟಿದಳು.

"ಆಮೇಲೆ ಒಂದು ಮರಿ ಎದ್ದು ಬಂತು. ಅದನ್ನ ಹೇಳು" ಅಂದೆ.

ಮಗ ಸ್ವಲ್ಪ ಯೋಚಿಸಿ, "ಹೌದು, ಬಂದಿತ್ತಲ್ಲ. ಹುಲ್ಲಿನಾಗಿಂದ ಎದ್ದು ಗಾಡಿ ಹತ್ರಕ್ಕೇ ಬಂತು. ನಾನು ಮಗ್ಗಿ ಹೇಳ್ತಾ ಇದ್ದೆ, ಅದು ಕಿವಿ ನೆಟ್ಟಗೆ ಮಾಡ್ಕಂಡು ಕೇಳ್ತಿತ್ತು" ಅಂದ. ಮೊಮ್ಮಗಳಿಗೆ ಖುಷಿ. "ಮರಿ ಕೇಳ್ತಾ? ಆಮೇಲೆ?"

"ಆಮೇಲೆ ಏನಾಯ್ತು ಅಂತ ನಮ್ಮಪ್ಪನ್ನ ಕೇಳಿದ್ದೆ. ಅದರ ದೊಡ್ಡಮ್ಮ ಬಂದು ಕರ್ಕಂಡು ಹೋಗ್ತಾಳೆ ಅಂದ."

"ಸುಳ್ಳು ಹೇಳಿದ್ದೆ" ಅಂದೆ. "ನಾನು ಹೊಡೆದದ್ದು ಅದರ ತಾಯಿಯನ್ನ. ಜಿಂಕೆಯಲ್ಲಿ ಒಂದರ ಮರಿಗೆ ಇನ್ನೊಂದು ಹಾಲು ಕೊಡಲ್ಲ. ಅದು ನನಗೆ ಆಗ್ಲೂ ಗೊತ್ತಿತ್ತು. ಮಾರನೇ ದಿನ ಬೆಳಿಗ್ಗೆ ನಾನೊಬ್ಬನೇ ಹೋಗಿ ನೋಡಿದೆ. ಗಾಡಿ ನಿಲ್ಸಿದ್ವಲ್ಲ, ಆ ಚಕ್ರದ ಗುರುತಿನ ಪಕ್ಕದಲ್ಲೇ ಬಿದ್ದಿತ್ತು. ನಾಯಿ ಬಂದು ಹೋಗಿದ್ವು. ಅದು ಅಲ್ಲಿಂದ ಕದಲಿರಲಿಲ್ಲ. ಇವನ ದನಿ ಬಂದ ಜಾಗ ಅಂತ ಅಲ್ಲೇ ಕಾದಿತ್ತು ಅಂತ ಕಾಣ್ತದೆ."

ನನ್ನ ಹೆಂಡತಿಗೂ ಇದು ಗೊತ್ತಿರಲಿಲ್ಲ.

ಅವತ್ತೇ ಬಂದೂಕು ಬಿಸಾಕಿದೆ ಅಂತ ಬರೆದರೆ ಓದುವವರು ಒಪ್ಪುತ್ತೀರಿ, ಆದರೆ ಬಿಸಾಕಲಿಲ್ಲ. ಇನ್ನೂ ಕೆಲವು ಸಲ ಹೋದೆ. ಮಗನನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ. ಪಕ್ಕದ ಮನೆಯ ಮಗುವನ್ನು ಕೂರಿಸಿಕೊಂಡೆ. ಎತ್ತು ಮಾರಿದ ಮೇಲೆ ತಾನಾಗಿ ನಿಂತಿತು. ಪಶ್ಚಾತ್ತಾಪ ಬಂದದ್ದು ಬಹಳ ತಡವಾಗಿ, ಈ ಮೊಮ್ಮಗಳು ಜಗುಲಿಯ ಮೇಲೆ ಮಗ್ಗಿ ಉರುಹೊಡೆಯಲು ಶುರು ಮಾಡಿದಾಗ. ಏಳರ ಮಗ್ಗಿಗೆ ಬಂದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ತಾತನಿಗೆ ಲೆಕ್ಕ ಅಂದ್ರೆ ಭಯ ಅಂತ ಅವಳು ಗೆಳತಿಯರಿಗೆಲ್ಲ ಹೇಳಿದ್ದಾಳೆ.

ಮಗ, "ಇಷ್ಟು ವರ್ಷ ಸುಮ್ನಿದ್ದೋನು ಇನ್ನೊಂದು ನಾಲ್ಕು ವರ್ಷ ಸುಮ್ನಿರಾಕೆ ಆಗ್ಲಿಲ್ವಾ ಅಪ್ಪ?" ಅಂದ.

"ಇವ್ಳು ನಾಳೆ ಹೋಗ್ತಾಳಲ್ಲ, ಅದಕ್ಕೆ."

"ನನ್ನ ಹತ್ರ ಇದ್ದಿದ್ದು ಅದೊಂದು. ಅದನ್ನೂ ಕಿತ್ಕಂಡೆ."

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ತಮ್ಮನ ಮಗ ಮಾತ್ರ ವಾತಾವರಣ ತಿಳಿ ಮಾಡಲು, "ಒಳ್ಳೆ ಹಬ್ಬದ ದಿನ ಎಂಥಾ ಕಥೆ ತೆಗೆದೆ ದೊಡ್ಡಪ್ಪ" ಅಂತ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಮಾರನೇ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಪಿಕಪ್ಪು ಬಂದು ಬಾಗಿಲಲ್ಲಿ ಹಾರನ್ ಹೊಡೆಯಿತು. ನಾನು ಹಾಸಿಗೆಯಲ್ಲೇ ಎದ್ದು ಕೂತೆ. ಬಾಗಿಲು ತೆಗೆದದ್ದು ಮಗ.

"ಇವ್ಳು ಬರಲ್ಲ. ನಾನೂ ಬರಲ್ಲ, ನೀವು ಹೋಗ್ರಿ" ಅಂದದ್ದು ಕೇಳಿಸಿತು.

"ದೊಡ್ಡಪ್ಪನ ಮಾತು ಹಚ್ಕಂಡೇನೋ ಅಣ್ಣ? ಮುದುಕರು ಹೇಳ್ತಾರೆ."

"ಅಲ್ಲಪ್ಪ. ಬರಲ್ಲ, ಅಷ್ಟೆ. ನೀನೂ ಹೋಗ್ದಿದ್ರೆ ಒಳ್ಳೇದು."

ಅವನು ಹೋದ. ಏನು ಸಿಕ್ಕಿತೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊಮ್ಮಗಳು ಹಿಂದಿನ ರಾತ್ರಿಯೇ ಶೂ ಹಾಕಿಕೊಂಡು ಮಲಗಿದ್ದವಳು. ಎದ್ದು ಮನೆಯೆಲ್ಲ ಧಡಧಡ ನಡೆದಳು. ಮರಿಯ ಕಥೆಗೆ ಅವಳು ಅತ್ತದ್ದು ನಿಜ, ಮುಂದಿನ ಸೀಟು ತಪ್ಪಿದ್ದಕ್ಕೆ ಸಿಟ್ಟು ಬಂದದ್ದೂ ನಿಜ. "ಬರೀ ನೋಡ್ಕಂಡು ಬರ್ತಿದ್ದೆ. ನಾನೇನು ಹೊಡೀತಿದ್ನಾ?" ಅಂದಳು. ಅವತ್ತು ನನ್ನ ಮಗನೂ ಹೊಡೆದಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಮಗ ಬೈಕು ಹೊರಗೆ ತೆಗೆದು, ನನ್ನ ಮುಖ ನೋಡದೆ, "ಹತ್ತು" ಅಂದ. ಹತ್ತಿದೆ. ಮೊಮ್ಮಗಳು ಕರೆಯದಿದ್ದರೂ ನಮ್ಮಿಬ್ಬರ ನಡುವೆ ತೂರಿಕೊಂಡಳು. ಬೈಕು ಕಾವಲಿನ ಕಡೆ ತಿರುಗಿತು.

ನಾನು ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಹುಲ್ಲಿನ ನಡುವೆ ಫ್ಯಾನುಗಳು ಎದ್ದಿವೆ, ಅವುಗಳ ಬುಡಕ್ಕೆ ಮಣ್ಣು ರಸ್ತೆ. ಗಾಡಿಯ ಜಾಡು ಯಾವ ಕಡೆ ಇತ್ತು ಅಂತಲೂ ತಿಳಿಯಲಿಲ್ಲ. ದೂರದಲ್ಲಿ ಹತ್ತೋ ಹನ್ನೆರಡೋ ಜಿಂಕೆ ಇದ್ದವು, ಬೈಕಿನ ಸದ್ದಿಗೆ ಎಗರಿಕೊಂಡು ಹೋದವು. ಮೊಮ್ಮಗಳು ಸಿಟ್ಟು ಮರೆತು ಸೀಟಿನ ಮೇಲೆ ನಿಂತೇಬಿಟ್ಟಳು.

ಮಗ ಬೈಕು ನಿಲ್ಲಿಸಿ ಇಳಿದ. "ಎಲ್ಲಿ ಬಿದ್ದಿತ್ತು?"

ಸುತ್ತ ನೋಡಿದೆ. ಎಲ್ಲಾ ಕಡೆ ಒಂದೇ ಥರ ಹುಲ್ಲು. ಅವನು ಕಾಯುತ್ತಿದ್ದ. ಇಷ್ಟು ದೂರ ಕರೆದುಕೊಂಡು ಬಂದವನಿಗೆ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಒಂದು ಜಾಲಿ ಗಿಡ ಕಂಡಿತು.

"ಅಲ್ಲಿ, ಆ ಜಾಲಿ ಬುಡದಲ್ಲಿ."

ಮಗ ಅದರ ಕಡೆ ನಡೆದು ಹೋಗಿ ನಿಂತ. ಮೊಮ್ಮಗಳೂ ಹೋದಳು. ಗಿಡವನ್ನು ಮೇಲಿಂದ ಕೆಳಗೆ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆದುಕೊಂಡಳು.

"ತಾತ, ಈ ಗಿಡ ನನಗಿಂತ ಗಿಡ್ಡಕೈತೆ. ಅಪ್ಪ ಚಿಕ್ಕೋನಾಗಿದ್ದಾಗ ಇದು ಎಲ್ಲಿತ್ತು?"

ಮಗ ತಿರುಗಿ ನನ್ನನ್ನು ನೋಡಿದ.

"ಜಾಗ ಮರೆತೋಗೈತಪ್ಪ" ಅಂದೆ. "ಇಲ್ಲೇ ಎಲ್ಲೋ."

"ಅಷ್ಟು ಹೇಳಿದ್ರೆ ಸಾಕಿತ್ತು" ಅಂದ. ಆದರೂ ತಕ್ಷಣ ಬೈಕಿನ ಹತ್ತಿರ ಬರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತಾ ಆ ಹುಲ್ಲಿನಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದ. ಮೊಮ್ಮಗಳು ಅವನ ಹಿಂದೆ ಹೋದಳು, ಅವಳ ಹಿಂದೆ ನಾನು ಮೊಣಕಾಲು ಎಳೆದುಕೊಂಡು ಹೋದೆ.