ಸೀಟು ಹಿಡಿದ ಚೀಲ

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣದಲ್ಲಿ, ಹೆಂಡತಿ, ಮಗಳು, ಅಪ್ಪನ ಜೊತೆ ಪ್ಲಾಟ್‌ಫಾರ್ಮಿನ ಅಂಚಿನ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ರೈಲಿನ ಬಾಗಿಲು ತೆರೆದೊಡನೆ ಅಪ್ಪ, ಹಿರೇಕೆರೂರಿನಲ್ಲಿ ಹಾವೇರಿ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವಂತೆ, ಕೈಚೀಲವನ್ನು ಖಾಲಿ ಸೀಟಿಗೆ ಎಸೆದರು. ನಾವು ಹತ್ತುವ ಮೊದಲೇ ಬಾಗಿಲು ಮುಚ್ಚಿತು. ನಮ್ಮ ನಾಲ್ವರ ಪಾಸ್‌ಪೋರ್ಟುಗಳೂ ಆ ಚೀಲದಲ್ಲಿದ್ದವು.

"ಅಪ್ಪಾ, ಇದು ನಮ್ಮೂರ ಬಸ್ ಸ್ಟ್ಯಾಂಡ ಏನ್ರಿ?" ಎಂದೆ.

"ಚೀರಬ್ಯಾಡ. ಅಲ್ಲಿ ನೋಡ, ಯಾರೂ ಕುಂತಿಲ್ಲ."

ನಿಜ. ಒಳಗಿನವರೆಲ್ಲ ವಾರಸುದಾರರಿಲ್ಲದ ಆ ಚೀಲಕ್ಕೆ ಹೆದರಿ ದೂರ ಸರಿದಿದ್ದರು.

ಮುಂದಿನ ರೈಲು ಹಿಡಿದು ಮರುನಿಲ್ದಾಣಕ್ಕೆ ಹೋದೆವು. ಒಬ್ಬ ಮುದುಕಿ ಚೀಲವನ್ನು ರೈಲಿನಿಂದ ಇಳಿಸಿ ತಂದು, ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕಾಯುತ್ತಿದ್ದಳು.

"ಸೀಟಂತೂ ಸಿಕ್ಕಿತ್ತು," ಎಂದರು ಅಪ್ಪ.

ಇದನ್ನು ಕಂಡ ನನ್ನ ಹೆಂಡತಿ ಸುಧಾ, ಮಗಳು ಅನಘಾ ಇಬ್ಬರೂ ಇದ್ದಾರೆ, ಕೇಳಬಹುದು. ಅಪ್ಪನೂ ಇದ್ದಾರೆ; ಅವರನ್ನು ಮಾತ್ರ ಕೇಳಬೇಡಿ.