ಟಿನ್ನಪ್ಪ ಮರ ಹುಡುಕಿದ ದಿನ

ನಮ್ಮ ಗಣಿತದ ಮೇಷ್ಟ್ರ ಶನಿವಾರದ ಅಂಗಿಯ ಎರಡೂ ಹೆಗಲ ಮೇಲೆ ತುಕ್ಕಿನ ಗೆರೆಗಳಿದ್ದವು. ಸ್ಕೇಲಿಟ್ಟು ಎಳೆದಷ್ಟು ನೇರ. ಅವರ ಮನೆಯವರು ನಿಂಬೆಹಣ್ಣು ಹಾಕಿ ತಿಕ್ಕಿದರೂ ಹೋಗದೆ, ಆ ಒಂದು ಅಂಗಿಯನ್ನು ಶನಿವಾರಕ್ಕೆಂದೇ ಬಿಟ್ಟುಕೊಟ್ಟಿದ್ದರಂತೆ. ಯಾಕೆಂದರೆ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಅವರು ಮೇಷ್ಟ್ರಾಗಿರುತ್ತಿರಲಿಲ್ಲ. ಅಡುಗೆ ಎಣ್ಣೆಯ ಚೌಕದ ಟಿನ್ನೊಂದನ್ನು ತಲೆಯ ಮೇಲಿಂದ ಹೆಗಲವರೆಗೆ ಇಳಿಸಿಕೊಂಡು ಯಂತ್ರವಾಗಿಬಿಡುತ್ತಿದ್ದರು. ಆ ಯಂತ್ರಕ್ಕೆ ನಾವು ಟಿನ್ನಪ್ಪ ಎಂದು ಹೆಸರಿಟ್ಟಿದ್ದೆವು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯಿಂದ ಸೂಳೆಕೆರೆ ಕಡೆಗೆ ಬರುವ ದಾರಿಯಲ್ಲಿ ನಮ್ಮ ಹೈಸ್ಕೂಲು. ದಾವಣಗೆರೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ವಿಜ್ಞಾನ ಪತ್ರಿಕೆಯೊಂದರಲ್ಲಿ ಮೇಷ್ಟ್ರು ಒಂದು ಚಿತ್ರ ನೋಡಿದ್ದರು. ಪರದೇಶದ ಶಾಲೆಯೊಂದರಲ್ಲಿ ಮಕ್ಕಳು ಆಮೆಯಂಥ ಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಟ್ಟು ನೆಲದ ಮೇಲೆ ಓಡಾಡಿಸುತ್ತಿದ್ದರು. ಅಂಥದೊಂದು ನಮಗೂ ಬೇಕೆಂದು ಹೆಡ್‌ಮಾಸ್ಟರ ಮುಂದೆ ಪತ್ರಿಕೆ ಹಿಡಿದರೆ, "ಆಮೆ ಬೇಕಂದ್ರೆ ಸೂಳೆಕೆರೇಲಿ ಬೇಕಾದಷ್ಟು ಅದಾವಲ್ರೀ, ಹಿಡ್ಕಂಡ್ ಬರ್ರಿ" ಎಂದು ಅವರು ನಕ್ಕರಂತೆ. ಮುಂದಿನ ಶನಿವಾರ ಟಿನ್ನು ಬಂತು.

ಆಟದ ರೀತಿ ಹೀಗೆ. ಟಿನ್ನಪ್ಪ ಏನೇನು ಮಾಡಬೇಕೆಂದು ನಾವು ಒಂದು ಚೀಟಿಯಲ್ಲಿ ಬರೆಯಬೇಕು, ಒಂದು ಸಾಲಿಗೆ ಒಂದೇ ಆಜ್ಞೆ. ಮೇಷ್ಟ್ರು ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, ಟಿನ್ನು ಹಾಕಿಕೊಳ್ಳುವರು. ಆಮೇಲೆ ಚೀಟಿಯಲ್ಲಿ ಇದ್ದಷ್ಟನ್ನೇ ನೆನಪಿನಿಂದ ಮಾಡುವರು. ಒಳಗೆ ಏನೂ ಕಾಣುತ್ತಿರಲಿಲ್ಲ. ಹೊರಗಿನ ಮಾತು ಗುಂಯ್ ಎನ್ನುವುದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅವರ ಕಟ್ಟುಪಾಡು ಒಂದೇ ಇತ್ತು. "ಟಿನ್ನು ಏರಿದ ಮ್ಯಾಲೆ ಯಾರೂ ಬಾಯಿ ಬಿಡಂಗಿಲ್ಲ, ಮುಟ್ಟಂಗಿಲ್ಲ. ಹೇಳಾದೇನಿದ್ರೂ ಚೀಟೀಲಿ ಹೇಳ್ರಿ."

ಮೊದಲ ದಿನ ಯಾರೋ ತಂಬಿಗೆ ಎತ್ತು, ನೀರು ಕುಡಿ ಎಂದು ಬರೆದಿದ್ದರು. ಟಿನ್ನಪ್ಪ ತಡಕಾಡಿ ತಂಬಿಗೆ ಎತ್ತಿದ, ಟಿನ್ನಿನ ಮೂತಿಗೆ ಹಿಡಿದು ನೀರನ್ನೆಲ್ಲ ಅಂಗಿಯ ಮೇಲೆ ಸುರಿದುಕೊಂಡ. ಮೊದಲು ಟಿನ್ನು ತೆಗಿ ಎಂದು ಚೀಟಿಯಲ್ಲಿ ಇರಲಿಲ್ಲವಲ್ಲ. ನಾವು ಬೆಂಚಿನ ಮೇಲೆ ಉರುಳಾಡಿ ನಕ್ಕೆವು. ಮೇಷ್ಟ್ರು ಟಿನ್ನು ತೆಗೆದು, ಒದ್ದೆ ಅಂಗಿಯಲ್ಲೇ ನಿಂತು, ನಗದೆ ಹೇಳಿದರು: "ಟಿನ್ನಪ್ಪಂಗೆ ಬುದ್ಧಿ ಇಲ್ಲ. ನಿಮ್ ಮ್ಯಾಲೆ ನಂಬಿಕೆ ಐತೆ, ಅಷ್ಟೇ."

ಆ ಮಾತಿನ ತೂಕ ನನಗೆ ಗೊತ್ತಾಗಲು ಇನ್ನೂ ನಾಲ್ಕೈದು ತಿಂಗಳು ಬೇಕಾಯಿತು.

ಅಷ್ಟರಲ್ಲಿ ನಾನು ಚೀಟಿ ಬರೆಯುವುದರಲ್ಲಿ ಜಾಣೆ ಎನಿಸಿಕೊಂಡಿದ್ದೆ. ಒಂಬತ್ತನೇ ಕ್ಲಾಸು. ನನ್ನ ಪಕ್ಕ ಕೂರುತ್ತಿದ್ದ ಅಡಿಕೆ ಮಂಡಿಯವರ ಮಗಳು ಹದಿನೆಂಟು ಸಾಲಿನಲ್ಲಿ ಬರೆದದ್ದನ್ನು ನಾನು ಐದು ಸಾಲಿಗೆ ಇಳಿಸುತ್ತಿದ್ದೆ. ಮೇಷ್ಟ್ರಿಗೆ ಚಿಕ್ಕ ಚೀಟಿ ಇಷ್ಟ. ಓದುತ್ತ ಹುಬ್ಬು ಏರಿಸುವರು, ಅದೇ ನನಗೆ ಬಹುಮಾನ. ಅವಳಿಗೆ ಉರಿ. "ನಿನ್ ಚೀಟಿ ಮದುವಿ ಊಟದಾಗೆ ಉಪ್ಪು ಬಡಿಸಿದಂಗೆ ಐತೆ ಕಣೇ, ಎಲೆ ತುದೀಗೆ ಚೂರು" ಎಂದು ಅಣಕಿಸುವಳು.

ಆ ಶನಿವಾರದ ಲೆಕ್ಕ ಸುಲಭದ್ದು. ಶಾಲೆಯ ಹಿಂದಿನ ಜಗುಲಿಯ ಮೆಟ್ಟಿಲಿನಿಂದ ಹೊರಟು ಬಯಲಿನ ನಡುವೆ ಇದ್ದ ಬೇವಿನ ಮರವನ್ನು ಮುಟ್ಟಿ ವಾಪಸು ಬರಬೇಕು. ಉಳಿದವರು ಹೆಜ್ಜೆ ಅಳೆದು ನಲವತ್ತು, ನಲವತ್ತೆರಡು ಎಂದು ಬರೆದರು. ನಾನು ಅಳೆಯಲಿಲ್ಲ. ಎರಡು ಕೈ ಮುಂದೆ ಚಾಚು. ಕೈಗೆ ಮರ ಸಿಗುವವರೆಗೆ ನಡಿ. ಸಿಕ್ಕ ಮೇಲೆ ಹಿಂದಕ್ಕೆ ತಿರುಗಿ ಮೆಟ್ಟಿಲಿಗೆ ಬಾ. ಹೀಗೆ ಬರೆದೆ. ಮೇಷ್ಟ್ರು ಎರಡು ಸಲ ಓದಿದರು. ಹುಬ್ಬು ಏರಿತು. ನನ್ನ ಚೀಟಿಯನ್ನೇ ಜೇಬಿಗಿಟ್ಟರು.

ಮರದ ಆಚೆ ಮೂವತ್ತು ಹೆಜ್ಜೆಗೆ ಭದ್ರಾ ನಾಲೆ. ಅಲ್ಲಿ ನೆಲ ಕಡಿದು ನಾಲೆ ತೋಡಿದ್ದರಿಂದ ಅಡ್ಡಕ್ಕೆ ಏರಿ ಇರಲಿಲ್ಲ, ಬಯಲು ನೇರ ನೀರಿಗೆ ಮುಗಿಯುತ್ತಿತ್ತು. ಅಷ್ಟು ದಿನ ಅದು ಒಣಗಿದ್ದರಿಂದ ನಮಗೆ ಅದರ ನೆನಪೇ ಇರಲಿಲ್ಲ. ಆ ವಾರ ನೀರು ಬಿಟ್ಟಿದ್ದರು, ದಂಡೆಯ ಅಂಚಿನವರೆಗೂ ಕೆಂಪು ನೀರು.

ಮೆಟ್ಟಿಲಿಳಿದ ಟಿನ್ನಪ್ಪ ಕೈ ಚಾಚಿ ನಡೆದ. ಮೊದಲ ಹೆಜ್ಜೆಯೇ ಒಂದಿಷ್ಟು ಎಡಕ್ಕೆ ಬಿತ್ತು. ಮರದ ಹತ್ತಿರ ಬರುವಾಗ ಬಲಗೈಗೂ ಬೊಡ್ಡೆಗೂ ನಡುವೆ ಒಂದು ಗೇಣು. ಅವರು ಮರವನ್ನು ದಾಟಿದರು. ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಈಗ ನಿಲ್ಲುತ್ತಾರೆ ಎಂದುಕೊಂಡರು. ಅವರು ನಿಲ್ಲುವುದಿಲ್ಲ ಎಂದು ಇಡೀ ಬಯಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಿಲ್ಲು ಎಂಬ ಮಾತನ್ನು ನಾನು ಬರೆದೇ ಇರಲಿಲ್ಲ.

ಕೂಗಲು ಬಾಯಿ ಬರಲಿಲ್ಲ. ಕಟ್ಟುಪಾಡಿಗೆ ಹೆದರಿದೆನೋ, ನಾಚಿಕೆಯೋ, ಇವತ್ತಿಗೂ ತಿಳಿಯದು. ಅವರ ಬೆನ್ನು ಚಿಕ್ಕದಾಗುತ್ತಿರುವುದನ್ನು ನೋಡುತ್ತ ನಿಂತೆ. ಹತ್ತು ಹೆಜ್ಜೆಯಾದರೂ ಹಾಗೇ ನಿಂತಿದ್ದೆ. ಆಮೇಲೆ ಓಡಿದೆ. ಹಿಡಿದು ಎಳೆಯಬೇಕೆಂದು ಹೊಳೆಯಲಿಲ್ಲ, ಮುಟ್ಟಬಾರದು ಎಂಬುದೇ ತಲೆಯಲ್ಲಿ ಕೂತಿತ್ತು. ಕೈಗೆ ಮರ ಸಿಗಬೇಕು, ಅಷ್ಟೇ ಹೊಳೆದದ್ದು. ಅವರನ್ನು ಬಳಸಿ ಮುಂದೆ ಹೋಗಿ, ನಾಲೆಗೆ ಬೆನ್ನು ಮಾಡಿ, ಮರದ ಹಾಗೆ ನಿಂತುಬಿಟ್ಟೆ.

ಎರಡು ಕೈ ಬಂದು ನನ್ನ ಹೆಗಲಿಗೆ ತಾಗಿದವು. ಹೆಜ್ಜೆ ನಿಂತಿತು. ಅದೇ ಹೊತ್ತಿಗೆ ನನ್ನ ಎಡಗಾಲ ಹಿಮ್ಮಡಿಯ ಕೆಳಗೆ ನೆನೆದ ಮಣ್ಣು ಜಾರಿ ನೀರಿಗೆ ಬಿದ್ದ ಸದ್ದಾಯಿತು. ಹಿಂದಕ್ಕೆ ತಿರುಗಬೇಕಾದ ಟಿನ್ನಪ್ಪ ತಿರುಗಲಿಲ್ಲ. ಬೆರಳುಗಳು ನನ್ನ ಜಡೆಯನ್ನು ಮುಟ್ಟಿ ನೋಡಿದವು. ಮರಕ್ಕೆ ಜಡೆ ಇರುವುದಿಲ್ಲ. ಕೈಗಳು ನನ್ನ ಎರಡೂ ರಟ್ಟೆಯನ್ನು ಬಿಗಿಯಾಗಿ ಹಿಡಿದವು.

ಟಿನ್ನಿನೊಳಗಿಂದ ದೂರದ ದನಿಯೊಂದು ಬಂತು. "ಎಲ್ಲಿ ನಿಂತಿದ್ದೀಯವ್ವ?"

ನಾನು ಮುಖವನ್ನು ಟಿನ್ನಿಗೆ ಒತ್ತಿ ಕೂಗಿದೆ. "ನಾಲೆ ದಂಡಿ ಮ್ಯಾಲೆ ಸಾರ್. ಎಡಗಾಲು ಜಾರತೈತೆ."

ಟಿನ್ನು ತೆಗೆಯಬೇಕೆಂದರೆ ಅವರು ಕೈ ಬಿಡಬೇಕು. ಬಿಡಲಿಲ್ಲ. ಕಣ್ಣಿಲ್ಲದೆ, ಕ್ಲಾಸಿನಲ್ಲಿ ಲೆಕ್ಕ ಹೇಳುವ ದನಿಯಲ್ಲೇ, ಒಂದೊಂದಾಗಿ ಹೇಳಿದರು. "ನೀರ್ ಕಡೆ ನೋಡಬ್ಯಾಡ. ಬಲಗಾಲು ಗಟ್ಟಿ ಐತಾ? ಐತೆ ಅಂದ್ರೆ ಅದರ ಮ್ಯಾಲೆ ಭಾರ ಬಿಡು. ಈಗ ಎಡಗಾಲು ಎತ್ತು. ನನ್ ಕಾಲ್ ಮ್ಯಾಲೆ ಇಡು. ಇಟ್ಟೆಯಾ? ಈಗ ಇನ್ನೊಂದು." ನಾನು ಅವರ ಪಾದಗಳ ಮೇಲೆ ನಿಂತೆ. ಅವರು ಹಿಂದಕ್ಕೆ ಒಂದು, ಎರಡು, ಮೂರು ಎಂದು ಎಣಿಸುತ್ತ ಹೆಜ್ಜೆ ಇಟ್ಟರು. ಹನ್ನೆರಡರವರೆಗೆ ಎಣಿಸಿದರು. ಹುಡುಗರು ಓಡಿ ಬಂದು ಟಿನ್ನು ಎತ್ತಿದಾಗ ಅವರ ಮುಖವೆಲ್ಲ ಬೆವರು, ತುಟಿ ಬೆಳ್ಳಗಾಗಿತ್ತು. ದನಿಯಲ್ಲಿ ಇಲ್ಲದ ಭಯವೆಲ್ಲ ಅಲ್ಲಿತ್ತು.

ಅಡಿಕೆ ಮಂಡಿಯವರ ಮಗಳು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಬಂದಳು. ಮೇಷ್ಟ್ರು ಯಾರು ಬರೆದದ್ದು ಎಂದು ಕೇಳಲಿಲ್ಲ. ಚೀಟಿಯ ಮೂರೂ ಸಾಲನ್ನು ಬೋರ್ಡಿನ ಮೇಲೆ ಬರೆದು, ಇದರಲ್ಲಿ ಏನು ಬಿಟ್ಟಿದೆ ಎಂದು ಕೇಳಿದರು. ನಾನೇ ಎದ್ದು ನಿಂತು, ಸಿಗದಿದ್ದರೆ ಎಂಬುದು ಬಿಟ್ಟಿದೆ ಎಂದೆ. ಅವರು ಸಿಗದಿದ್ದರೆ ಎಂದು ದಪ್ಪಕ್ಷರದಲ್ಲಿ ಬರೆದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ನಾ ಮಾಡಿದ ಕಟ್ಟುಪಾಡಿನಾಗೂ ಒಂದು ಬಿಟ್ಟಿತ್ತು. ಬಾಯಿ ಬಿಡಬ್ಯಾಡ್ರಿ ಅಂದೆ. ಯಾವಾಗ ಬಿಡಬೇಕು ಅನ್ನಾದು ಹೇಳಲಿಲ್ಲ. ಅದು ಈ ಹುಡುಗಿ ತಪ್ಪಲ್ಲ."

ಆ ಮಧ್ಯಾಹ್ನವೇ ಮೊಳೆ, ಸುತ್ತಿಗೆ ತಂದು ಟಿನ್ನಿಗೆ ಕಿವಿಯ ಜಾಗದಲ್ಲಿ ತೂತು ಹೊಡೆದರು. ಸಂಜೆ ನಮ್ಮ ಮನೆಗೆ ಅವರೇ ನಡೆದು ಬಂದರು. ನಾನು ಹೇಳುವ ಮೊದಲೇ ಅಪ್ಪನ ಎದುರು ನಡೆದದ್ದನ್ನೆಲ್ಲ ಹೇಳಿದರು. ಇನ್ನು ಶಾಲೆ ಸಾಕು ಎಂದು ಅವ್ವ ಅಳುತ್ತಿದ್ದಳು. ಅಪ್ಪ, ತೂತು ಎಷ್ಟು ದೊಡ್ಡದು ಮಾಡಿದ್ದೀರಿ ಎಂದಷ್ಟೇ ಕೇಳಿದರು. ಸೋಮವಾರ ನಾನು ಶಾಲೆಗೆ ಹೋದೆ. ಮುಂದಿನ ಶನಿವಾರ ಆಟ ಬಾವಿ, ನಾಲೆ ಯಾವುದೂ ಇಲ್ಲದ, ಶಾಲೆಯ ಮುಂದಿನ ಅಂಗಳಕ್ಕೆ ಬಂತು.

ಹತ್ತು ವರ್ಷ ಆಗುತ್ತ ಬಂತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹೊನ್ನಾಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಈಗಲೂ ಬೋರ್ಡಿನ ಕಡೆ ತಿರುಗಿ ನಿಂತಾಗ ಒಮ್ಮೊಮ್ಮೆ ಎಡಗಾಲ ಹಿಮ್ಮಡಿ ತಣ್ಣಗಾಗುತ್ತದೆ. ಮಣ್ಣು ನೀರಿಗೆ ಬಿದ್ದ ಆ ಸಣ್ಣ ಸದ್ದು ಕೇಳುತ್ತದೆ. ಅದರ ಹಿಂದೆಯೇ ಒಂದು, ಎರಡು, ಮೂರು ಎನ್ನುವ ದನಿಯೂ ಬರುತ್ತದೆ. ಎರಡೂ ಒಟ್ಟಿಗೇ ಬರುವುದರಿಂದ ತಡೆದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ನಿವೃತ್ತರಾಗಿ ನ್ಯಾಮತಿಯಲ್ಲಿದ್ದ ಮೇಷ್ಟ್ರಿಗೆ ಕಾಗದ ಬರೆದೆ. ಮರುವಾರವೇ ಬಸ್ಸಿಳಿದು ಬಂದರು. ಹುಡುಗಿಯೊಬ್ಬಳು ಆಜ್ಞೆ ಬರೆದು ಗುಂಡಿ ಒತ್ತಿದಳು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು, ನಿಲ್ಲಲೇ ಇಲ್ಲ. ಹುಡುಗಿ ಹೆದರಿ ನನ್ನ ಮುಖ ನೋಡಿದಳು. ನನ್ನ ಕೈ ಆಗಲೇ ಮೇಜಿನ ಅಂಚನ್ನು ಹಿಡಿದಿತ್ತು. ಮೇಷ್ಟ್ರು ಬಗ್ಗಿ ಪರದೆಯನ್ನೂ ಹುಡುಗಿಯನ್ನೂ ನೋಡಿ, "ಇದಕ್ಕೆ ಮರ ಸಿಕ್ಕಿಲ್ಲ ಕಣವ್ವ" ಎಂದರು. ನನ್ನ ಕಡೆ ತಿರುಗಲಿಲ್ಲ. ಹೊರಡುವಾಗ ಮಾತ್ರ, ಇದು ಬಹಳ ಒಳ್ಳೆಯದು, ಇದರ ಕಾಲ ಕೆಳಗೆ ನಾಲೆ ಇಲ್ಲ, ಮಕ್ಕಳು ಎಷ್ಟು ಬೇಕಾದರೂ ತಪ್ಪಬಹುದು ಎಂದು ಸಂತೋಷಪಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ತಿಥಿಗೆ ಹೋದಾಗ ಅವರ ಮನೆಯವರು ಅಟ್ಟದಿಂದ ಟಿನ್ನು ಇಳಿಸಿ, ನೀನೇ ಇಟ್ಟುಕೋ ತಾಯಿ ಎಂದು ಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ಈಗ ಜೂನ್ ಬಂದರೆ ಹೊಸ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸುವ ಮೊದಲು ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ಟಿನ್ನನ್ನು ನಾನೇ ಹಾಕಿಕೊಳ್ಳುತ್ತೇನೆ. ಒಳಗೆ ಕತ್ತಲೆ, ಹಳೆ ಎಣ್ಣೆಯ ವಾಸನೆ. ಕಿವಿಯ ಪಕ್ಕದ ತೂತುಗಳಿಂದ ಮಾತ್ರ ಚೂರು ಬೆಳಕು. ಕೈ ಚಾಚಿ ನಡೆಯುತ್ತೇನೆ. ಮೊದಲ ಪಾಠ ಒಂದೇ. ಯಾರಿಗೆ ಭಯವಾದರೂ ಕೂಗಬೇಕು. ಅಂದು ನನ್ನ ಗಂಟಲಲ್ಲಿ ಉಳಿದುಹೋದ ಆ ಒಂದು ಮಾತನ್ನು ಅಂಗಳದ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನಿಲ್ಲುತ್ತೇನೆ.