ರೇಡಿಯೋ ಅತ್ತೆ ಗೋಡೆ ನೋಡುವ ಹೊತ್ತು

ನನ್ನ ಸೋದರತ್ತೆಯ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಕಾರನ್ನು ಕಾಂಪೌಂಡಿಗೆ ಗುದ್ದಿದ್ದನ್ನು ಅವಳೊಬ್ಬಳಿಗೇ ಫೋನಿನಲ್ಲಿ ಹೇಳಿದ್ದೆ. ಬಸ್ಸಿಳಿದು ಬರುವಷ್ಟರಲ್ಲಿ ಮೂಲೆಯ ಇಸ್ತ್ರಿಯವನು, "ಹೋಗ್ಲಿ ಬಿಡಿ, ಗೋಡೆ ತಾನೆ, ಮತ್ತೆ ಕಟ್ಟಿಸ್ತಾರೆ" ಎಂದು ಸಮಾಧಾನ ಹೇಳಿದ. ಬೀದಿಯವರು ಅವಳಿಗೆ ರೇಡಿಯೋ ಅತ್ತೆ ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ಇಂಥವಳು ಹೊಟ್ಟೆಪಾಡಿಗೆ ಹಿಡಿದ ಕೆಲಸ ಮೊಬೈಲ್ ರಿಪೇರಿ. ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿದ ಹಾಗಾಯಿತು ಎಂದು ಅಪ್ಪ ನಗುತ್ತಿದ್ದರು. ಆದರೆ ತನ್ನ ಬಾಯಿಯ ಗುಣ ಅತ್ತೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸ್ಕ್ರೀನ್ ಬದಲಾಯಿಸಿದ ಮೇಲೆ ಫೋನನ್ನು ಗಿರಾಕಿಯ ಕೈಗೇ ಕೊಟ್ಟು, ಸ್ಟೂಲ್ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಗಿರಾಕಿಯೇ ಪಾಸ್‌ವರ್ಡ್ ಹಾಕಿ, ಎಲ್ಲ ಕಡೆ ಒತ್ತಿ ನೋಡಿ, "ಆಯ್ತು" ಎನ್ನುವ ತನಕ ಏನೋ ಹಾಡು ಗುನುಗುತ್ತಿರುತ್ತಾಳೆ. ಶ್ರುತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ.

"ನೋಡಿದ್ರೆ ಹೇಳ್ಬಿಡ್ತೀನಿ ಕಣೋ. ಅದಕ್ಕೇ ನೋಡೋದೇ ಇಲ್ಲ" ಎನ್ನುತ್ತಾಳೆ.

ಸರ್ಕಾರಿ ಆಸ್ಪತ್ರೆಯ ವಾರ್ಡಿನ ಚಾವಣಿ ಕುಸಿದ ಫೋಟೋ ಪತ್ರಿಕೆಯಲ್ಲಿ ಬಂದ ವಾರದ ಮಾತಿದು. ಅಲ್ಲಿನ ನರ್ಸೊಬ್ಬಳು ಒಡೆದ ಫೋನನ್ನು ಅತ್ತೆಗೆ ಕೊಟ್ಟು ಡ್ಯೂಟಿಗೆ ಹೋಗಿದ್ದಳು. ನಾನು ಅತ್ತೆಗೆ ಊಟದ ಡಬ್ಬಿ ತಂದಿದ್ದೆ. ಆಗ ಪೊಲೀಸ್ ಠಾಣೆಯ ಇನ್ಸ್‌ಪೆಕ್ಟರ್ ಅಂಗಡಿಯೊಳಗೆ ಬಂದರು.

"ಆ ನರ್ಸ್ ಫೋನ್ ಇಲ್ಲೇ ಇದ್ಯಂತಲ್ಲಮ್ಮ. ಮೆಸೇಜು, ಫೋಟೋ ಎಲ್ಲಾ ಒಂದು ಕಾಪಿ ಮಾಡ್ಕೊಡಿ. ಪೇಪರಿನವರಿಗೆ ಯಾರ್ಯಾರು ಸುದ್ದಿ ಕೊಟ್ರು ಅಂತ ಮೇಲಿನವರಿಗೆ ಬೇಕು. ನಿಮಗೆ ಮಾಡೋಕೆ ಬರುತ್ತಲ್ಲ?"

"ಬರುತ್ತೆ ಸಾರ್. ಮಾಡಲ್ಲ. ಕೋರ್ಟಿಂದ ವಾರಂಟ್ ತಂದಿದ್ದೀರಾ?"

"ಇಷ್ಟಕ್ಕೆಲ್ಲಾ ವಾರಂಟ್ ಯಾಕಮ್ಮ? ತಪ್ಪು ಮಾಡದಿದ್ದವರಿಗೆ ಭಯ ಯಾಕೆ?"

"ಬಚ್ಚಲುಮನೆ ಬಾಗಿಲು ಕಳ್ಳರು ಮಾತ್ರಾನಾ ಹಾಕ್ಕೊಳ್ಳೋದು?"

ನನಗೆ ನಗು ಬಂತು, ಇನ್ಸ್‌ಪೆಕ್ಟರಿಗೆ ಬರಲಿಲ್ಲ. "ಅಂಗಡಿ ಲೈಸೆನ್ಸ್ ಬಗ್ಗೆನೂ ಸ್ವಲ್ಪ ಯೋಚನೆ ಮಾಡಿ" ಎಂದು ಮೆಲ್ಲಗೆ ಹೇಳಿ ಮೇಜಿನತ್ತ ಕೈ ಚಾಚಿದರು. ಅತ್ತೆಯ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ಆ ಫೋನು ಹೋದರೆ ನರ್ಸಿನ ಜೊತೆ ಇನ್ನೂ ಎಷ್ಟು ಜನರ ಕೆಲಸ ಹೋಗುತ್ತದೋ ಯಾರಿಗೆ ಗೊತ್ತು.

ಅತ್ತೆ ಫೋನನ್ನು ಸೆರಗಿನಡಿ ಸೇರಿಸಿಕೊಂಡವಳೇ ಬಾಗಿಲಿಗೆ ಬಂದು ನಿಂತಳು. ಆಮೇಲೆ ತನಗೆ ಚೆನ್ನಾಗಿ ಬರುವ ಕೆಲಸ ಮಾಡಿದಳು.

"ಟೈಲರಣ್ಣಾ! ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಿದ್ದಾರೆ! ವಾರಂಟ್ ಇಲ್ವಂತೆ, ನರ್ಸಮ್ಮನ ಫೋನ್ ಒಳಗೆ ನೋಡ್ಬೇಕಂತೆ!"

ಎದುರಿನ ಟೈಲರು ಇಸ್ತ್ರಿಯವನಿಗೆ ಹೇಳಿದ, ಇಸ್ತ್ರಿಯವನು ಬೀದಿಗೇ ಹೇಳಿದ. ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಬಂದವನ ಹಿಂದೆ ಜನವೋ ಜನ. ಎಲ್ಲರ ಫೋನೂ ಒಂದಲ್ಲ ಒಂದು ಸಲ ಆ ಮೇಜಿನ ಮೇಲೆ ಮಲಗಿದ್ದದ್ದೇ. "ನಾಳೆ ನಮ್ಮದೂ ನೋಡ್ತೀರಾ ಸಾರ್?" ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಸುದ್ದಿ ಆಸ್ಪತ್ರೆಗೂ ಮುಟ್ಟಿ, ನರ್ಸು ಯೂನಿಫಾರ್ಮಿನಲ್ಲೇ ಓಡಿ ಬಂದು, ಎಲ್ಲರ ಮುಂದೆ ತನ್ನ ಫೋನು ಪಡೆದುಕೊಂಡು ಹೋದಳು. ಅವಳ ಕಣ್ಣು ತುಂಬಿತ್ತು. ಮಡಕೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗದು. ಇನ್ಸ್‌ಪೆಕ್ಟರು "ವಾರಂಟ್ ತರ್ತೀನಿ" ಎಂದು ಜೀಪು ಹತ್ತಿದರು. ನನಗಂತೂ ಅತ್ತೆಯ ಬಾಯಿಯ ಬಗ್ಗೆ ಹುಟ್ಟಿದಾರಭ್ಯ ಮೊದಲ ಸಲ ಹೆಮ್ಮೆಯಾಯಿತು.

ವಾರಂಟ್ ಬರಲಿಲ್ಲ. ಬಂದದ್ದು ಇನ್ಸ್‌ಪೆಕ್ಟರೇ, ಸುಮಾರು ದಿನ ಬಿಟ್ಟು, ಮಫ್ತಿಯಲ್ಲಿ, ಒಡೆದ ಫೋನು ಹಿಡಿದು. ಊರಲ್ಲಿ ಬೇರೆ ರಿಪೇರಿ ಅಂಗಡಿಗಳೂ ಇದ್ದವು.

ಅತ್ತೆ ಹೊಸ ಸ್ಕ್ರೀನ್ ಕೂರಿಸಿ ಫೋನನ್ನು ಅವರ ಕೈಗೆ ಕೊಟ್ಟಳು. ಸ್ಟೂಲ್ ತಿರುಗಿಸಿ ಗೋಡೆ ನೋಡುತ್ತಾ ಗುನುಗತೊಡಗಿದಳು. ಅವರು ಪಾಸ್‌ವರ್ಡ್ ಹಾಕಲು ಹೋಗಿ ತಡೆದರು.

"ನೋಡಲ್ಲ ತಾನೆ?"

"ಇಲ್ಲ ಸಾರ್" ಎಂದಳು ಅತ್ತೆ ಗೋಡೆಗೆ. "ನಿಧಾನವಾಗಿ ಹಾಕಿ."